ಬೆರಳಿಗೆ ಓಗೊಡುವ ಪೆಡಲ್

ವೇದಿಕೆಯ ಮೇಲೆ ಗಿಟಾರ್ ವಾದಕರ ಪಾದದ ಮುಂದೆ ಸಾಲಾಗಿ ಕೂತಿರುವ ಅಂಗೈಯಗಲದ ಲೋಹದ ಡಬ್ಬಿಗಳೇ ಎಫೆಕ್ಟ್ ಪೆಡಲ್‌ಗಳು. ಗಿಟಾರಿನ ಪಿಕಪ್‌ನಿಂದ ಹೊರಟ ಸಣ್ಣ ವಿದ್ಯುತ್ ಸಂಕೇತ ಆಂಪ್ಲಿಫೈಯರ್ ಮುಟ್ಟುವ ಮೊದಲು ಇವುಗಳೊಳಗೆ ಹಾದುಹೋಗುತ್ತದೆ, ಆ ದಾರಿಯಲ್ಲೇ ನಾದದ ಬಣ್ಣ ಬದಲಾಗುತ್ತದೆ. ಪಿಕಪ್ ಇಲ್ಲದ ಅಕೂಸ್ಟಿಕ್ ಗಿಟಾರಿಗೆ ಇವನ್ನು ನೇರವಾಗಿ ಜೋಡಿಸಲು ಬರುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ನಮ್ಮಲ್ಲಿ ಕಲಿಕೆ ಶುರುವಾಗುವುದು ಹೆಚ್ಚಾಗಿ ಅದರಲ್ಲೇ. ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂದ ಮೇಲೆ ಏಳುವ ಪ್ರಶ್ನೆ: ಅಂಗಡಿಯಲ್ಲಿರುವ ನೂರಾರು ಬಗೆಯಲ್ಲಿ ಮೊದಲು ಯಾವುದನ್ನು ಕೊಳ್ಳುವುದು? ಮೆಚ್ಚಿನ ವಾದಕರು ಬಳಸುವುದನ್ನೇ ಕೊಳ್ಳಿ ಎನ್ನುವವರು ಬಹಳ. ಹೊಸಬರಿಗೆ ಅದು ಸರಿಯಾದ ದಾರಿಯಲ್ಲ ಎಂಬುದು ನನ್ನ ವಾದ. ಪೆಡಲು ನಮ್ಮ ಬೆರಳಿನ ಒತ್ತಿಗೆ, ಲಯಕ್ಕೆ ಓಗೊಡುತ್ತದೆಯೋ ಅಥವಾ ಬೆರಳಿನ ತಪ್ಪನ್ನು ಮುಚ್ಚಿಬಿಡುತ್ತದೆಯೋ ಎಂದು ನೋಡಿ ಆರಿಸಬೇಕು.

ಪೆಡಲಿನ ಇತಿಹಾಸವನ್ನೇ ನೋಡಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆದಾಗ ಮಿಕ್ಸರಿನ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಒಡಕು ದನಿಯಲ್ಲಿ ಗುರುಗುಟ್ಟಿತು. ಅದನ್ನು ಹಾಡಿನಲ್ಲಿ ಹಾಗೆಯೇ ಉಳಿಸಿಕೊಂಡರು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಒಡಕನ್ನು ಬೇಕೆಂದಾಗ ಹೊರಡಿಸುವ ಸರ್ಕ್ಯೂಟ್ ರೂಪಿಸಿದರು, ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಗಿಟಾರಿನಲ್ಲೇ ಟ್ರಂಪೆಟ್‌ನಂಥ ವಾದ್ಯಗಳ ದನಿ ತೆಗೆಯಬಹುದು ಎಂಬ ಪ್ರಚಾರವಿದ್ದರೂ ಜನ ಅಷ್ಟಾಗಿ ಕೊಳ್ಳಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಮೂರೇ ಸ್ವರಗಳ ಒಂದು ಪಲುಕನ್ನು ಇದರಲ್ಲಿ ನುಡಿಸಿದರು. ಅದನ್ನು ಮುಂದೆ ಹಿತ್ತಾಳೆ ವಾದ್ಯಗಳಿಗೆ ಬಿಟ್ಟುಕೊಡಬೇಕೆಂಬ ಯೋಚನೆ ಅವರದಾಗಿತ್ತು. ಆದರೆ ಮುದ್ರಿಕೆ ಹೊರಬಂದದ್ದು ಆ ಗುರುಗುಟ್ಟುವ ಗಿಟಾರಿನೊಂದಿಗೇ, ಆಮೇಲೆ ಪೆಡಲಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಮೂರು ವರ್ಷದಲ್ಲಿ ಡಬ್ಬಿ ಬದಲಾಗಿರಲಿಲ್ಲ. ಅದರ ಸ್ವಭಾವಕ್ಕೆ ಒಪ್ಪುವ ಪಲುಕು ಆಗಷ್ಟೇ ಹುಟ್ಟಿತ್ತು.

ಹಾಗಾದರೆ ಹೊಸಬರ ಬೆರಳಿಗೆ ಓಗೊಡುವುದು ಯಾವುದು? ನನ್ನ ಆಯ್ಕೆ ಓವರ್‌ಡ್ರೈವ್. ಸಂಕೇತದ ಅಲೆ ಒಂದು ಮಿತಿಗಿಂತ ಮೇಲೇರಿದರೆ ಇದು ಅದರ ನೆತ್ತಿಯನ್ನು ಸವರುತ್ತದೆ. ಹಾಗೆ ಸವರಿದಾಗ ಮೂಲ ಸ್ವರದಲ್ಲಿ ಇಲ್ಲದ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ, ನಾದ ದಪ್ಪವಾಗುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ಸಣ್ಣ ದಾರ ಸಿಕ್ಕಿಸಿದಾಗ ಝೇಂಕಾರ ತುಂಬಿಕೊಳ್ಳುವುದನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಅಲ್ಲಿನ ಕೆಲಸ ದಾರದ್ದು, ಇಲ್ಲಿ ಸರ್ಕ್ಯೂಟಿನೊಳಗಿನ ಡಯೋಡಿನದು. ಉಪಸ್ವರ ಹೆಚ್ಚುವುದು ಎರಡರಲ್ಲೂ ಇದೆ. ಒಡಕಿನ ಪ್ರಮಾಣ ಹೊಂದಿಸುವ ಗೇನ್ ತಿರುಪನ್ನು ಕೆಳಗಿಟ್ಟರೆ ಓವರ್‌ಡ್ರೈವಿನ ನಿಜವಾದ ಗುಣ ಕಾಣುತ್ತದೆ. ಮೆಲ್ಲಗೆ ಮೀಟಿದರೆ ಅಲೆ ಮಿತಿ ಮುಟ್ಟುವುದಿಲ್ಲ, ದನಿ ತಿಳಿಯಾಗಿರುತ್ತದೆ. ಬಲವಾಗಿ ಮೀಟಿದರೆ ಒಡೆಯುತ್ತದೆ. ಐಬನೇಜ್ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್ ಬಳಸಿ ಹೆಸರಾದ ಗಿಟಾರ್ ವಾದಕ ಸ್ಟೀವೀ ರೇ ವಾನ್ ಕೂಡ ಗೇನ್ ತಗ್ಗಿಸಿ, ದನಿಮಟ್ಟ ಏರಿಸಿ ಇಟ್ಟುಕೊಳ್ಳುತ್ತಿದ್ದರು, ಉಳಿದ ಕೆಲಸ ಅವರ ಕೈಯದ್ದು. ಗೇನ್ ಪೂರ್ತಿ ತಿರುಗಿಸಿದರೆ ಮೆಲ್ಲನೆಯ ಮೀಟೂ ಬಲವಾದ ಮೀಟೂ ಒಂದೇ ಎತ್ತರಕ್ಕೆ ಬರುತ್ತವೆ. ಕಲಿಯುವವರಿಗೆ ಅದು ಹಿತವೆನಿಸುತ್ತದೆ, ಆದರೆ ಮೀಟಿನ ಏರಿಳಿತ ಅಳಿಸಿಹೋಗಿರುತ್ತದೆ.

ಗೇನ್ ಎಷ್ಟೇ ಏರಿಸಿದರೂ ಒಂದನ್ನು ಮಾತ್ರ ಓವರ್‌ಡ್ರೈವ್ ಮುಚ್ಚಿಡುವುದಿಲ್ಲ, ಅದು ಶ್ರುತಿ. ಎರಡು ಸ್ವರ ಒಟ್ಟಿಗೆ ಸರ್ಕ್ಯೂಟಿಗೆ ಹೋದಾಗ ಅವುಗಳ ಕಂಪನದ ಮೊತ್ತ, ವ್ಯತ್ಯಾಸಗಳೂ ಬೇರೆ ಸ್ವರಗಳಾಗಿ ಹೊರಬರುತ್ತವೆ. ಷಡ್ಜ-ಪಂಚಮಗಳನ್ನಷ್ಟೇ ಸೇರಿಸಿದ ಪವರ್ ಕಾರ್ಡ್ ಒಡಕು ದನಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ, ನಡುವೆ ಗಾಂಧಾರ ಸೇರಿಸಿದರೆ ಕಲಸುಮೇಲೋಗರ. ತಂತಿ ಕೂದಲೆಳೆಯಷ್ಟು ಸಡಿಲವಾಗಿದ್ದರೂ ಹೀಗೆಯೇ ಆಗುತ್ತದೆ. ಆದ್ದರಿಂದ ಓವರ್‌ಡ್ರೈವಿಗೂ ಮೊದಲು ಟ್ಯೂನರ್ ಬೇಕು. ಫೋನಿನಲ್ಲಿ ಪುಕ್ಕಟೆ ಆಪ್ ಇರುವಾಗ ಅದಕ್ಕೊಂದು ಪೆಡಲು ಯಾಕೆ ಎಂದು ಕೇಳುವುದು ನ್ಯಾಯವೇ. ಮನೆಯ ಅಭ್ಯಾಸಕ್ಕೆ ಆಪ್ ಸಾಕು. ತಂಡದ ಜೊತೆ ನುಡಿಸುವಾಗ, ಡ್ರಮ್ಮಿನ ಸದ್ದಿನ ನಡುವೆ ಫೋನಿನ ಮೈಕು ಗಿಟಾರನ್ನು ಬೇರ್ಪಡಿಸಿ ಕೇಳಲಾರದು, ಆಗ ಟ್ಯೂನರ್ ಪೆಡಲು ಕೊಳ್ಳಬಹುದು.

ಮುಂದಿನದು ಡಿಲೇ, ರಿವರ್ಬ್ ಅಲ್ಲ. ಎರಡೂ ಮಾರ್ದನಿಯ ಜಾತಿಯವೇ. ರಿವರ್ಬ್ ದೊಡ್ಡ ಸಭಾಂಗಣದ ಹಾಗೆ ಸ್ವರಗಳ ನಡುವಿನ ಖಾಲಿ ಜಾಗವನ್ನು ತುಂಬಿ, ತಡವರಿಸುವ ಕೈಯನ್ನೂ ಚೆಂದಗಾಣಿಸುತ್ತದೆ. ಡಿಲೇ ನುಡಿಸಿದ್ದನ್ನು ಗೊತ್ತಾದ ಹೊತ್ತಿಗೆ ಹಾಗೆಯೇ ಮರಳಿಸುತ್ತದೆ. ನಿಮಿಷಕ್ಕೆ 120 ಎಣಿಕೆಯ ಲಯದಲ್ಲಿ ಒಂದು ಎಣಿಕೆಗೆ 500 ಮಿಲಿಸೆಕೆಂಡು, ಮುಕ್ಕಾಲು ಎಣಿಕೆಗೆ 375. ಈ ಮುಕ್ಕಾಲರ ಲೆಕ್ಕವನ್ನು ಯು2 ತಂಡದ ದಿ ಎಡ್ಜ್ ತಮ್ಮ ಶೈಲಿಯನ್ನಾಗಿಯೇ ಮಾಡಿಕೊಂಡರು. ಕೈ ಸ್ವಲ್ಪ ಮುಂದೋಡಿದರೆ ಮರುದನಿ ನಮ್ಮ ಸ್ವರಕ್ಕೆ ಢಿಕ್ಕಿ ಹೊಡೆಯುತ್ತದೆ. ಲಯ ಕಲಿಯಲು ಇಷ್ಟು ನಿಷ್ಠುರವಾದ ಪೆಡಲು ಇನ್ನೊಂದಿಲ್ಲ. ಜೋಡಿಸುವಾಗ ಓವರ್‌ಡ್ರೈವ್ ಮೊದಲು, ಡಿಲೇ ಆಮೇಲೆ ಇರಲಿ. ತಿರುವುಮುರುವಾದರೆ ಮರುದನಿಗಳೂ ಒಡೆದು ಒಂದಕ್ಕೊಂದು ಕಲಸಿಕೊಳ್ಳುತ್ತವೆ.

ಮೂರು ಪೆಡಲುಗಳ ದುಡ್ಡಿಗೆ ನೂರು ದನಿಗಳ ಮಲ್ಟಿ-ಎಫೆಕ್ಟ್ ಬರುತ್ತದಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ಬಾಡಿಗೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಅಭ್ಯಾಸ ಮಾಡಬೇಕಾದವರಿಗೆ ಅದೇ ಸರಿ, ಅದರಲ್ಲಿ ಆಂಪ್ಲಿಫೈಯರಿನ ಅನುಕರಣೆಯೂ ಇರುತ್ತದೆ. ಕೊಂಡವರು ಕೆಲವು ತಿಂಗಳು ಅದರಲ್ಲಿನ ಒಂದೇ ಓವರ್‌ಡ್ರೈವಿಗೆ ಅಂಟಿಕೊಂಡರೆ ನನ್ನ ವಾದಕ್ಕೇನೂ ಭಂಗವಿಲ್ಲ. ಮೆಟಲ್ ಸಂಗೀತ ನುಡಿಸಬೇಕೆನ್ನುವವರಿಗೆ ಗೇನ್ ತಗ್ಗಿಸಿ ಎಂದರೆ ಹೇಗೆ ಎಂದೂ ಕೇಳಬಹುದು. ಆದರೆ ಮುದ್ರಿಕೆಗಳಲ್ಲಿ ಕೇಳುವ ಆ ದಟ್ಟ ನಾದವೆಲ್ಲ ಗೇನ್‌ನಿಂದಲೇ ಬಂದದ್ದಲ್ಲ. ಒಂದೇ ಪಲುಕನ್ನು ಎರಡು, ನಾಲ್ಕು ಬಾರಿ ನುಡಿಸಿ ಒಂದರ ಮೇಲೊಂದು ಸೇರಿಸುವುದು ಅಲ್ಲಿನ ರೂಢಿ. ಆ ನಾಲ್ಕೂ ಸಲ ಬಲಗೈ ಒಂದೇ ಹದದಲ್ಲಿ ಬೀಳಬೇಕು, ಆ ಹದ ಕೂರುವುದು ತಪ್ಪುಗಳು ಕಿವಿಗೆ ಬೀಳುವ ತಿಳಿದನಿಯಲ್ಲಿ.

ಕೊಳ್ಳಲು ಹೋಗುವಾಗ ಸ್ವಂತ ಗಿಟಾರನ್ನೇ ಒಯ್ಯಿರಿ. ಅಡಾಪ್ಟರ್ ವಿಷಯದಲ್ಲಿ ಎಚ್ಚರವಿರಲಿ: ಹೆಚ್ಚಿನ ಪೆಡಲುಗಳು 9 ವೋಲ್ಟಿನವು, ಪ್ಲಗ್ಗಿನ ಒಳತುದಿ ಋಣ. ವೋಲ್ಟೇಜು ಡಬ್ಬಿಯ ಮೇಲೆ ಬರೆದಷ್ಟೇ ಇರಬೇಕು, ಮಿಲಿಆಂಪಿಯರ್ ಬರೆದದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ. ಅಂಗಡಿಯ ಆಂಪ್ಲಿಫೈಯರನ್ನು ತಿಳಿದನಿಗೆ ಇಟ್ಟು, ಪೆಡಲಿನ ಗೇನ್ ಕಾಲುಭಾಗ ಮಾತ್ರ ತಿರುಗಿಸಿ, ಚೆನ್ನಾಗಿ ಬರುವ ಒಂದೇ ಪಲುಕನ್ನು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ನುಡಿಸಿ. ಎರಡೂ ಬೇರೆ ಬೇರೆಯಾಗಿ ಕೇಳಿಸಿದರೆ ಬೆಲೆ ಕೇಳಿ.