ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಮಾಲೇಗಾಂವ್‌ಗೆ ಹೋದವರು ಪವರ್‌ಲೂಮ್ ನೋಡಿ ಬರುತ್ತಾರೆ. ನಾನು ಸಿರಿಂಜ್ ನೋಡಿ ಬಂದೆ. ಮಗ್ಗಗಳ ಖಟಖಟ ಒಳಗೂ ಕೇಳುವ ಒಂದು ಪುಟ್ಟ ನರ್ಸಿಂಗ್ ಹೋಮ್. ಮಹಡಿಯ ಮೇಲೆ ಸಿಸ್ಟರ್‌ಗಳಿಗೆ ಉರ್ದು, ಮರಾಠಿ ಬೆರೆಸಿ ಪಾಠ ನಡೆದಿತ್ತು. ಹಿರಿಯ ಸಿಸ್ಟರ್ ಒಬ್ಬರು ಮೇಜಿನ ಮೇಲೆ ಎರಡು ಇನ್ಸುಲಿನ್ ಸಿರಿಂಜ್ ಇಟ್ಟು, ಎರಡರಲ್ಲೂ 20ರ ಗೆರೆಯವರೆಗೆ ನೀರು ಎಳೆಯಿರಿ ಎಂದರು. ಕೆಂಪು ಮುಚ್ಚಳದ್ದರಲ್ಲಿ ಅರ್ಧ ಎಂ.ಎಲ್. ಬಂತು, ಕಿತ್ತಳೆ ಮುಚ್ಚಳದ್ದರಲ್ಲಿ ಅದರ ಅರ್ಧವೂ ಇಲ್ಲ.

ಸಕ್ಕರೆ ಕಾಯಿಲೆಯವರಿರುವ ಮನೆಗೆ ಇದು ಹೊಸತಲ್ಲ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಎಂ.ಎಲ್.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಜ್ 100. ಕೆಂಪು 40ಕ್ಕೆ, ಕಿತ್ತಳೆ 100ಕ್ಕೆ. ನಡುರಾತ್ರಿ ಪೆನ್ ಕೈಕೊಟ್ಟಿತು ಅನ್ನಿ. ಕಾರ್ಟ್ರಿಜ್‌ನಿಂದಲೇ ಕೆಂಪು ಮುಚ್ಚಳದ ಸಿರಿಂಜಿಗೆ 20ರವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ರೋಗಿ ಅವರೇ, ಔಷಧ ಅದೇ, ಚಾರ್ಟ್‌ನಲ್ಲೂ 20 ಎಂದೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಶುಗರ್ ಪಾತಾಳಕ್ಕೆ ಇಳಿದಿರುತ್ತದೆ. ಹೆಚ್ಚಿನ ದೇಶಗಳು ಎಂದೋ ನೂರಕ್ಕೇ ನಿಂತುಬಿಟ್ಟಿವೆ. ನಾವಿನ್ನೂ ಎರಡನ್ನೂ ಸಾಕಿಕೊಂಡಿದ್ದೇವೆ. ಸಾಲದ್ದಕ್ಕೆ 10ರ ಪಕ್ಕ ಅವಸರದಲ್ಲಿ ಗೀಚಿದ ಇಂಗ್ಲಿಷಿನ 'ಯು' ಸೊನ್ನೆಯಂತೆ ಕಂಡು 100 ಆಗುವುದೂ ಉಂಟು. ಯೂನಿಟ್ ಎಂದು ಪೂರ್ತಿ ಬರೆಯಿರಿ ಎಂದು ಆ ಸಿಸ್ಟರ್ ಪಟ್ಟು ಹಿಡಿದದ್ದು ಇದಕ್ಕೇ.

ಕಾನೂನಿಗೇನೂ ಬರವಿಲ್ಲ. ಮಹಾರಾಷ್ಟ್ರದಲ್ಲಿ 1949ರ ನರ್ಸಿಂಗ್ ಹೋಮ್ಸ್ ನೋಂದಣಿ ಕಾಯ್ದೆ, ನಮ್ಮ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಔಷಧದ ತಪ್ಪಿನಿಂದಾಗುವ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕಿಳಿಸುತ್ತೇವೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪಣ ತೊಟ್ಟಿತ್ತು. ಸರಿಯಾದ ರೋಗಿ, ಔಷಧ, ಪ್ರಮಾಣ, ದಾರಿ, ಸಮಯ ಎಂಬ ಐದಂಶದ ಪಟ್ಟಿ ಗೋಡೆ ಗೋಡೆಯಲ್ಲೂ ತೂಗುತ್ತಿದೆ. ಆ ಪಟ್ಟಿಯ ಮೇಲೆ ನನಗಷ್ಟು ನಂಬಿಕೆಯಿಲ್ಲ. ಸಿಡ್ನಿಯ ಎರಡು ಆಸ್ಪತ್ರೆಗಳ 98 ನರ್ಸ್‌ಗಳನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಔಷಧ ಕೊಡುವಾಗ ಯಾರಾದರೂ ಮಧ್ಯೆ ಬಾಯಿ ಹಾಕಿದ ಪ್ರತಿ ಸಲವೂ ತಪ್ಪಿನ ಸಂಭವ ಶೇ 12ರಷ್ಟು ಏರುತ್ತಿತ್ತು. ಒಂದು ಮಂಚಕ್ಕೆ ನಾಲ್ಕು ನೆಂಟರಿರುವ ನಮ್ಮ ವಾರ್ಡ್‌ಗಳಲ್ಲಿ?

'ಸರಿಯಾದ ಸಮಯ'ವೂ ಗೋಡೆಯ ಮೇಲಿದ್ದಷ್ಟು ಸಲೀಸಲ್ಲ. ರಂಜಾನ್‌ನಲ್ಲಿ ಉಪವಾಸ ಹಿಡಿದವರ ಊಟ ನಸುಕಿನ ಸಹರಿ, ಸಂಜೆಯ ಇಫ್ತಾರ್‌ಗೆ ಸರಿಯುತ್ತದೆ. ಬೆಳಗಿನ ಡೋಸ್ ಎಂದು ಚಾರ್ಟ್‌ನಲ್ಲಿ ಇದ್ದದ್ದನ್ನು ಹಾಗೇ ಕೊಟ್ಟರೆ ಅಪಾಯ. ಸಿಸ್ಟರ್ ತಾನಾಗಿ ಬದಲಿಸುವಂತೆಯೂ ಇಲ್ಲ. ಮೈಸೂರಿನ ಜೆಎಸ್‌ಎಸ್‌ನಂಥ ದೊಡ್ಡ ಆಸ್ಪತ್ರೆಯಾದರೆ ವಾರ್ಡ್‌ಗೇ ಬರುವ ಕ್ಲಿನಿಕಲ್ ಫಾರ್ಮಾಸಿಸ್ಟ್ ಇರುತ್ತಾರೆ. ಮಾಲೇಗಾಂವ್‌ನ ಆ ನರ್ಸಿಂಗ್ ಹೋಮ್‌ನಲ್ಲಿರುವುದು ಫೋನ್ ಒಂದೇ. ಅದಕ್ಕೇ ಪಾಠದ ಕೊನೆಯ ಅರ್ಧ ಗಂಟೆ ಫೋನಿನದು: ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳಿ, ಓದಿ ಹೇಳಿ, 'ಫಿಫ್ಟೀನ್' ಎಂದರೆ 'ಒಂದು, ಐದು' ಎಂದು ಬಿಡಿಸಿ ಕೇಳಿ. ರಾತ್ರಿ ಎರಡಕ್ಕೆ ಹಾಗೆ ಕೇಳಿದರೆ ಸಾಹೇಬರು ರೇಗುತ್ತಾರಲ್ಲ ಎಂದಳೊಬ್ಬಳು. ರೇಗಲಿ, ಎರಡನೇ ಸಲವೂ ಕೇಳು ಎಂದರು ಹಿರಿಯ ಸಿಸ್ಟರ್. ಡಾಕ್ಟರರಾರೂ ಆ ಪಾಠಕ್ಕೆ ಬಂದಿರಲಿಲ್ಲ.