ಫೋಟೋ ತೋರಿಸಿ ಬೈಸಿಕೊಂಡವರ ಚರಿತ್ರೆ

1893ರ ಫೆಬ್ರವರಿ 22. ನ್ಯೂಯಾರ್ಕಿನಲ್ಲಿ ಹಿಮದ ಬಿರುಗಾಳಿ. ಫಿಫ್ತ್ ಅವೆನ್ಯೂ ರಸ್ತೆಯಲ್ಲಿ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಇಪ್ಪತ್ತೊಂಬತ್ತರ ಯುವಕ ಎರವಲು ತಂದ ಕೈಕ್ಯಾಮೆರಾ ಹಿಡಿದು ಮೂರು ಗಂಟೆ ಕಾದು ನಿಂತಿದ್ದ. ಹಿಮ ಸೀಳಿಕೊಂಡು ಬರುತ್ತಿದ್ದ ಕುದುರೆಗಾಡಿಯೊಂದು ತಾನೆಣಿಸಿದ ಜಾಗಕ್ಕೆ ಬಂದಾಗ ಕ್ಲಿಕ್ಕಿಸಿದ. ನೆಗೆಟಿವ್ ತೊಳೆದು ಹವ್ಯಾಸಿ ಛಾಯಾಗ್ರಾಹಕರ ಸಂಘದ ಗೆಳೆಯರಿಗೆ ತೋರಿಸಿದರೆ ಅವರು ನಕ್ಕುಬಿಟ್ಟರು. ಎಲ್ಲ ಮಸುಕು, ಎಸೆದುಬಿಡು ಮಾರಾಯ ಎಂಬ ಧಾಟಿಯ ಮಾತು. ಅವನು ಎಸೆಯಲಿಲ್ಲ. ಸುತ್ತಲಿನ ಅನಗತ್ಯ ಭಾಗವನ್ನೆಲ್ಲ ಕತ್ತರಿಸಿ, ಗಾಡಿ ಮತ್ತು ಹಿಮ ಮಾತ್ರ ಉಳಿಯುವಂತೆ ದೊಡ್ಡದಾಗಿ ಪ್ರಿಂಟ್ ಹಾಕಿ ಮತ್ತೆ ಅವರ ಮುಂದಿಟ್ಟ. ನಕ್ಕವರೇ ಮೆಚ್ಚಿದರು. ಛಾಯಾಗ್ರಹಣದ ಚರಿತ್ರೆ ಬರೆಯುವವರು ಯಾರೂ ಈಗ ಆ ಚಿತ್ರವನ್ನು ಬಿಡುವುದಿಲ್ಲ.

ಗೆಳೆಯರು ದಡ್ಡರೇನಲ್ಲ. ಚಿತ್ರ ಚೂಪಾಗಿಲ್ಲ ಎಂದದ್ದು ನಿಜವೇ. ಆದರೆ ಚೌಕಟ್ಟಿನಲ್ಲಿ ಏನು ಹೆಚ್ಚಾಗಿದೆ ಎಂದು ಒಬ್ಬರೂ ಹೇಳಲಿಲ್ಲ. ಹವ್ಯಾಸಿಯ ಚಿತ್ರಕ್ಕೆ ಸಿಗುವ ವಿಮರ್ಶೆಯ ಕೊರತೆ ಅಂದಿಗೂ ಇದೇ, ಇಂದಿಗೂ ಇದೇ.

ಕಾಂಪೋಸಿಷನ್, ಅಂದರೆ ಚೌಕಟ್ಟಿನೊಳಗಿನ ಜೋಡಣೆಯ ಬಗ್ಗೆ ಹೇಳಿಕೊಡುವವರು ಇರಲಿಲ್ಲವೆಂದಲ್ಲ. 1869ರಲ್ಲೇ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಅದಕ್ಕೆಂದೇ ಪುಸ್ತಕ ಬರೆದಿದ್ದ. ಚಿತ್ರಕಲೆಯ ಸಮತೋಲ, ನೆರಳು-ಬೆಳಕಿನ ಸೂತ್ರಗಳನ್ನು ಕ್ಯಾಮೆರಾದವರಿಗೆ ಒಗ್ಗಿಸಿದ ಪುಸ್ತಕ ಅದು. ಇದನ್ನು ಕಂಡರಾಗದವನು ಪೀಟರ್ ಹೆನ್ರಿ ಎಮರ್ಸನ್. ವೈದ್ಯಕೀಯ ಓದಿ, ನಾರ್‌ಫೋಕ್‌ನ ಜವುಗು ನೆಲದ ರೈತರನ್ನೂ ದೋಣಿಯವರನ್ನೂ ಚಿತ್ರಿಸುತ್ತ ಹೋದವನು. ಸೂತ್ರ ಹಿಡಿದು ಹೊರಟರೆ ನಿಸರ್ಗ ಕಾಣುವುದಿಲ್ಲ ಎಂಬುದು ಅವನ ವಾದ. 1887ರಲ್ಲಿ ಲಂಡನ್ನಿನ ‘ಅಮೆಚೂರ್ ಫೋಟೋಗ್ರಾಫರ್’ ಪತ್ರಿಕೆ ರಜೆಯಲ್ಲಿ ತೆಗೆದ ಚಿತ್ರಗಳಿಗೆ ಸ್ಪರ್ಧೆ ಇಟ್ಟಾಗ ತೀರ್ಪುಗಾರ ಇದೇ ಎಮರ್ಸನ್. ಮೊದಲ ಬಹುಮಾನ ಹೋದದ್ದು ಬರ್ಲಿನ್‌ನಲ್ಲಿ ಓದುತ್ತಿದ್ದ ಸ್ಟೀಗ್ಲಿಟ್ಸ್‌ಗೆ, ಇಟಲಿಯಲ್ಲಿ ನಗುತ್ತ ನಿಂತ ಮಕ್ಕಳ ಚಿತ್ರಕ್ಕೆ. ಬಂದವುಗಳಲ್ಲಿ ಸಹಜವಾಗಿ ಮೂಡಿದ್ದು ಇದೊಂದೇ ಎಂದು ಎಮರ್ಸನ್ ಕಾರಣ ಕೊಟ್ಟ. ಮೆಡಲ್ಲಿಗಿಂತ ಆ ಕಾರಣವೇ ಹುಡುಗನ ಕೈ ಹಿಡಿಯಿತು ಅನ್ನಿಸುತ್ತದೆ.

ಮರುವರ್ಷವೇ ಕೊಡಕ್ ಬಂತು. 25 ಡಾಲರ್ ಬೆಲೆ, ಒಳಗೆ 100 ಚಿತ್ರಕ್ಕಾಗುವಷ್ಟು ಫಿಲ್ಮ್. ಅದಕ್ಕೆ ನೋಡುಕಿಂಡಿಯೇ ಇರಲಿಲ್ಲ. ಪೆಟ್ಟಿಗೆಯ ಮೇಲಿನ ಗೆರೆ ನೋಡಿ ಅಂದಾಜಿನಲ್ಲಿ ಗುರಿ ಇಡಬೇಕು, ಚಿತ್ರ ಬರುವುದು ದುಂಡಗೆ. ದುಂಡು ಚಿತ್ರದಲ್ಲಿ ದಿಗಂತ ವಾಲಿದ್ದರೂ ಚೌಕದಲ್ಲಿ ಕಂಡಷ್ಟು ಕಣ್ಣಿಗೆ ರಾಚುವುದಿಲ್ಲ. ಲಕ್ಷಾಂತರ ಜನ ಬಯಲಿಗೆ ಬಂದು ಚಿತ್ರ ತೆಗೆಯಲಾರಂಭಿಸಿದರು. ಸಂಘ ಸೇರಿ ಬೈಸಿಕೊಳ್ಳುವ ಉಮೇದು ಅವರಲ್ಲಿ ಎಲ್ಲರಿಗೂ ಇರಲಿಲ್ಲ.

ಇದ್ದವರು ಮಾಡಿಕೊಂಡ ಒಂದು ಏರ್ಪಾಟು ನನಗೆ ಬಹಳ ಇಷ್ಟ. ಸಂಘವಿಲ್ಲದ ಊರುಗಳಲ್ಲಿ ಚದುರಿದ್ದ ಹವ್ಯಾಸಿಗಳು ಬ್ರಿಟನ್ನಿನಲ್ಲಿ ಅಂಚೆಯಲ್ಲೇ ಕೂಟ ಕಟ್ಟಿದರು. ಸದಸ್ಯರ ಪ್ರಿಂಟುಗಳನ್ನು ತುಂಬಿದ ಒಂದು ಪೆಟ್ಟಿಗೆ ಒಬ್ಬರಿಂದ ಒಬ್ಬರಿಗೆ ಊರೂರು ಸುತ್ತುತ್ತದೆ. ಬಂದಾಗ ಪ್ರತಿ ಪ್ರಿಂಟನ್ನೂ ಬೆಳಕಿಗೆ ಹಿಡಿದು, ಜೊತೆಗಿರುವ ಹಾಳೆಯಲ್ಲಿ ಅಭಿಪ್ರಾಯ ಬರೆದು ಮುಂದಕ್ಕೆ ಕಳಿಸಬೇಕು. ಸುತ್ತು ಮುಗಿಸಿ ಪೆಟ್ಟಿಗೆ ಮತ್ತೆ ಕೈಗೆ ಬಂದಾಗ ತಮ್ಮ ಹಳೆಯ ಪ್ರಿಂಟನ್ನೂ ಎಲ್ಲರ ಟೀಕೆಯ ಹಾಳೆಯನ್ನೂ ತೆಗೆದುಕೊಂಡು ಹೊಸದೊಂದನ್ನು ಇಡಬೇಕು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು, ನಿಜ. ಆದರೆ ಬರೆಯುವವರಿಗೆ ‘ಚೆನ್ನಾಗಿದೆ’ ಎಂದಷ್ಟೇ ಬರೆದು ತಪ್ಪಿಸಿಕೊಳ್ಳಲು ನಾಚಿಕೆ. ಮುಂದಿನವರು ಅದನ್ನೂ ಓದುತ್ತಾರಲ್ಲ!

ನಮ್ಮಲ್ಲಿ ಸಂಘಗಳು ತಡವಾಗಿಯೇನೂ ಹುಟ್ಟಲಿಲ್ಲ. ಬೊಂಬಾಯಿಯಲ್ಲಿ 1854ರಲ್ಲಿ, ಕಲ್ಕತ್ತ ಮತ್ತು ಮದರಾಸಿನಲ್ಲಿ 1856ರಲ್ಲಿ. ಅವು ಬಹುಪಾಲು ಬಿಳಿಯ ಅಧಿಕಾರಿಗಳ, ಉಳ್ಳವರ ಕೂಟಗಳು. ಬೆಂಗಳೂರಿನ ಕಥೆ ಬೇರೆ. ಇಲ್ಲಿನ ವೈದ್ಯ ಡಾ. ಜಿ. ಥಾಮಸ್ 1950ರ ದಶಕದ ಆರಂಭದಲ್ಲಿ ದೇಶದ ಛಾಯಾಗ್ರಹಣ ಸಂಘಗಳನ್ನು ಒಗ್ಗೂಡಿಸುವ ಒಕ್ಕೂಟ ಕಟ್ಟಿದರು. ವನ್ಯಜೀವಿ ಛಾಯಾಗ್ರಾಹಕ ಓ.ಸಿ. ಎಡ್ವರ್ಡ್ಸ್ ಅವರ ಹಿಂದೆ ಕಾಡು ಅಲೆದು ಕಲಿತವರು ಟಿ.ಎನ್.ಎ. ಪೆರುಮಾಳ್, ಮುಂದೆ ಅವರ ಬಳಿ ಕಲಿತವರ ಸಾಲೇ ಬೆಳೆಯಿತು. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪುಬಿಳುಪಿನ ವನ್ಯಜೀವಿ ಚಿತ್ರಗಳಿಂದಲೂ ಹೆಸರಾದವರು. ಇವರ್ಯಾರೂ ಹೊಟ್ಟೆಪಾಡಿಗೆ ಕ್ಯಾಮೆರಾ ಹಿಡಿದವರಲ್ಲ. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ ಮೇಲೆ ಕಲಿಯುವ ಹುಡುಗರಿಗೂ ಒಂದು ಜಗಲಿ ಸಿಕ್ಕಿತು.

ಆ ಕಾಲದ ಸಂಘಗಳಲ್ಲಿ ಎಲ್ ಆಕಾರದ ಎರಡು ರಟ್ಟಿನ ತುಂಡು ಹಿರಿಯರ ಆಯುಧ. ಪ್ರಿಂಟಿನ ಮೇಲೆ ಅವನ್ನಿಟ್ಟು ಹಿಗ್ಗಿಸಿ ಕುಗ್ಗಿಸಿ, ಎಡಗಡೆಯ ಬೆಳ್ಳಗಿನ ಬಂಡೆ ಹೋದರೆ ಹೇಗೆ, ಮೇಲಿನ ಖಾಲಿ ಆಕಾಶ ಎರಡಿಂಚು ಇಳಿದರೆ ಹೇಗೆ ಎಂದು ಕಣ್ಣೆದುರಿಗೇ ತೋರಿಸುವುದು. ಸ್ಟೀಗ್ಲಿಟ್ಸ್ ಒಬ್ಬನೇ ಕೂತು ಮಾಡಿಕೊಂಡ ಕೆಲಸವನ್ನು ಇಲ್ಲಿ ಹತ್ತು ಜನರ ನಡುವೆ ಇನ್ನೊಬ್ಬರು ಮಾಡಿಕೊಡುತ್ತಿದ್ದರು. ಬ್ರೋಮೈಡ್ ಕಾಗದ ದುಬಾರಿ, ಕತ್ತಲೆಕೋಣೆಯಲ್ಲಿ ಒಂದೊಂದು ಪ್ರಿಂಟಿಗೂ ರಾತ್ರಿ ಕಳೆಯಬೇಕು. ಹಾಗಾಗಿ ತೋರಿಸುವವರು ಆರಿಸಿ ತರುತ್ತಿದ್ದರು, ನೋಡುವವರಿಗೂ ನಿಧಾನವಿತ್ತು.

ಸಲಾನ್‌ಗಳು, ಅಂದರೆ ಛಾಯಾಚಿತ್ರಗಳ ಸ್ಪರ್ಧಾ ಪ್ರದರ್ಶನಗಳು ಹೆಚ್ಚಿದಂತೆ ಆ ನಿಧಾನ ಹೋಯಿತು. ಮೂವರು ತೀರ್ಪುಗಾರರು, ರಾಶಿ ರಾಶಿ ಚಿತ್ರ, ಒಂದೊಂದಕ್ಕೂ ಕೆಲವೇ ಸೆಕೆಂಡು. ಬರುವುದು ಅಂಕ, ಕಾರಣವಲ್ಲ. ಆಯ್ಕೆಯಾದರೆ ಪ್ರಿಂಟಿನ ಬೆನ್ನಿಗೊಂದು ಚೀಟಿ, ಹೆಸರಿನ ಮುಂದೆ ಬಿರುದಿನ ನಾಲ್ಕು ಅಕ್ಷರ. ಆಗದವನಿಗೆ ಯಾಕೆಂದು ಗೊತ್ತಾಗುವುದೇ ಇಲ್ಲ.

ಮೂರನೇ ಒಂದರ ಸೂತ್ರ ಇಷ್ಟು ಬೇರೂರಿದ್ದೂ ಇದರಿಂದಲೇ ಇರಬೇಕು ಎಂಬುದು ನನ್ನ ಗುಮಾನಿ. ಅದು ಕ್ಯಾಮೆರಾಕ್ಕಿಂತ ಹಳೆಯದು; 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಹಳ್ಳಿಗಾಡಿನ ದೃಶ್ಯ ಬರೆಯುವವರಿಗಾಗಿ ಹೇಳಿದ್ದು. ನೆಲಕ್ಕೊಂದು ಪಾಲು, ಆಕಾಶಕ್ಕೆ ಎರಡು ಪಾಲು ಎಂಬಂಥ ಸಲಹೆ. ಅವಸರದ ತೀರ್ಪುಗಾರನಿಗೆ ಇದಕ್ಕಿಂತ ಸುಲಭದ ಮಾತು ಬೇರಿಲ್ಲ. ‘ದಿಗಂತ ಮಧ್ಯಕ್ಕೆ ಬಂತು’ ಎಂದುಬಿಟ್ಟರೆ ಮುಗಿಯಿತು. ಕೆರೆಯ ನೀರಿನಲ್ಲಿ ಬೆಟ್ಟದ ಬಿಂಬ ಮೂಡಿರುವಾಗ ದಿಗಂತ ನಟ್ಟನಡುವೆಯೇ ಇರಬೇಕಾಗಬಹುದು ಎಂದು ವಿವರಿಸಲು ಅವನಿಗೆ ಹೊತ್ತೆಲ್ಲಿದೆ?

ಈಗ ಆ ಸೂತ್ರ ಮೊಬೈಲಿನ ಪರದೆಯ ಮೇಲೇ ಗೆರೆಯಾಗಿ ಕೂತಿದೆ. 2010ರಲ್ಲಿ ಶುರುವಾದ ಇನ್‌ಸ್ಟಾಗ್ರಾಂ 2015ರವರೆಗೂ ಚೌಕದ ಚಿತ್ರವನ್ನಷ್ಟೇ ಒಪ್ಪುತ್ತಿತ್ತು. ಉದ್ದಗಲಕ್ಕೆ ಚಾಚಿದ ಪಶ್ಚಿಮಘಟ್ಟವನ್ನೂ ಚೌಕಕ್ಕೆ ಕತ್ತರಿಸುವುದನ್ನು ಒಂದು ತಲೆಮಾರು ಅಲ್ಲೇ ಕಲಿಯಿತು. ಮೆಚ್ಚುಗೆಯ ಹೃದಯಚಿಹ್ನೆಯಂತೂ ಅಂಕಕ್ಕಿಂತ ಬಡವು. ಸಲಾನ್‌ನಲ್ಲಿ ಕಡಿಮೆ ಅಂಕವಾದರೂ ಬರುತ್ತಿತ್ತು, ಇಲ್ಲಿ ಮೌನವಷ್ಟೇ.

ಒಂದು ಸಂಗತಿಯಲ್ಲಿ ಮಾತ್ರ ಈಗಿನ ಟೀಕೆ ಹಿಂದಿನದಕ್ಕಿಂತ ಮೇಲು. ಗೂಡಿನಲ್ಲಿ ಮರಿಗೆ ಗುಟುಕು ಕೊಡುವ ಹಕ್ಕಿಯ ಚಿತ್ರ ಒಂದು ಕಾಲಕ್ಕೆ ಬಹುಮಾನದ ಸರಕು. ಇವತ್ತು ಅನೇಕ ಸ್ಪರ್ಧೆಗಳು ಅದನ್ನು ನೋಡದೆಯೇ ಪಕ್ಕಕ್ಕಿಡುತ್ತವೆ. ಕಾಂಪೋಸಿಷನ್ ಎಷ್ಟೇ ಚೆಂದವಿರಲಿ, ಗೂಡಿನ ಹತ್ತಿರ ಹೋದದ್ದೇ ತಪ್ಪು ಎನ್ನುತ್ತಾರೆ. ಸರಿಯಾದ ಮಾತು.

ಭಾನುವಾರ ನಂದಿಬೆಟ್ಟಕ್ಕೋ ಹಂಪಿಯ ಮಾತಂಗ ಬೆಟ್ಟಕ್ಕೋ ಹೋಗಿ ಸೂರ್ಯೋದಯ ಹಿಡಿದು ತರುವವರಲ್ಲಿ ಒಂದು ವಿನಂತಿ. ಮೊಬೈಲನ್ನು ಗೆಳೆಯರ ಮುಂದೆ ಚಾಚಿ ‘ಹೇಗಿದೆ?’ ಎನ್ನಬೇಡಿ, ‘ಸೂಪರ್’ ಎಂದೇ ಉತ್ತರ ಬರುತ್ತದೆ. ಇದ್ದುದರಲ್ಲಿ ಒಳ್ಳೆಯ ಒಂದನ್ನು ಪ್ರಿಂಟ್ ಹಾಕಿಸಿ, ಹತ್ತಿರದ ಛಾಯಾಗ್ರಹಣ ಸಂಘಕ್ಕೆ ಒಯ್ಯಿರಿ. ಇದರಲ್ಲಿ ಏನನ್ನು ತೆಗೆಯಬಹುದು, ಯಾಕೆ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಬರುವವರೆಗೂ ಬಿಡಬೇಡಿ.