ಭಾಷಾಪರೀಕ್ಷೆಯೂ ಗಣಕಯಂತ್ರವೂ

ಒಬ್ಬನಿಗೆ ಒಂದು ಭಾಷೆ ಬರುತ್ತದೆಂದರೆ ಏನರ್ಥ? ಕೇಳಿದುದು ತಿಳಿಯಬೇಕು, ತಿಳಿದುದನ್ನು ಆಡಬೇಕು, ಓದಬೇಕು, ಬರೆಯಬೇಕು. ಈ ನಾಲ್ಕನ್ನೂ ಅಳೆಯುವುದೇ ಭಾಷಾಪರೀಕ್ಷೆಯ ಕೆಲಸ. ಇಂದು ಆ ಕೆಲಸಕ್ಕೆ ಗಣಕಯಂತ್ರವು ಬಂದು ನಿಂತಿದೆ. ಅದು ಏನನ್ನು ಅಳೆಯಬಲ್ಲದು, ಎಲ್ಲಿ ಎಡವುವುದು ಎಂಬುದನ್ನು ವಿದ್ಯಾರ್ಥಿಗಳಾದ ನಾವು ಅರಿತಿರುವುದು ಲೇಸು.

ಪರೀಕ್ಷೆಗೂ ಯಂತ್ರಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. 1930ರ ದಶಕದಲ್ಲಿ ಅಮೆರಿಕದ ಶಾಲಾ ಉಪಾಧ್ಯಾಯ ರೆನಾಲ್ಡ್ ಜಾನ್ಸನ್ ಎಂಬವರು, ಪೆನ್ಸಿಲಿನ ಗುರುತಿನ ಮೂಲಕ ವಿದ್ಯುತ್ತು ಹರಿಯುವುದೆಂಬುದನ್ನು ಬಳಸಿಕೊಂಡು, ಉತ್ತರಗಳಿಗೆ ಅಂಕ ಹಾಕುವ ಯಂತ್ರವನ್ನು ರೂಪಿಸಿದರು. 1964ರಲ್ಲಿ ಆರಂಭವಾದ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯು 1998ರಲ್ಲಿ ಗಣಕಯಂತ್ರಕ್ಕೆ ಬಂದಿತು. ನಮ್ಮ ದೇಶದಲ್ಲಿ 2022ರಲ್ಲಿ ಆರಂಭವಾದ ಸಿ.ಯು.ಇ.ಟಿ. ಎಂಬ ವಿಶ್ವವಿದ್ಯಾಲಯ ಪ್ರವೇಶಪರೀಕ್ಷೆಯ 13 ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಅಲ್ಲಿ ಗದ್ಯಭಾಗವನ್ನೋದಿ, ಕೊಟ್ಟಿರುವ 4 ಉತ್ತರಗಳಲ್ಲಿ ಒಂದನ್ನು ಆರಿಸಬೇಕು.

ಇದರಿಂದ ಅನುಕೂಲವಿಲ್ಲದಿಲ್ಲ. ಅಂಕಗಳು ಬೇಗ ದೊರೆಯುವುವು. ಅಕ್ಷರ ದುಂಡಾಗಿಲ್ಲವೆಂದು ಅಂಕ ಕಡಮೆಯಾಗುವ ಭಯವಿಲ್ಲ. ಪಟ್ಟಣದವನಿಗೂ ಹಳ್ಳಿಯವನಿಗೂ ಅಳತೆಗೋಲು ಒಂದೇ.

ಆದರೆ ಬರೆವಣಿಗೆಯನ್ನು ಅಳೆಯಹೊರಟಾಗ ತೊಡಕು ಮೊದಲಾಗುತ್ತದೆ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್ ಕ್ರಮದಲ್ಲಿ ಯಂತ್ರಕ್ಕೆ ಅದು 6 ಸಂಕೇತಗಳ ಸಾಲು. ‘ಊರಿನಲ್ಲಿ’, ‘ಊರಲ್ಲಿ’ ಎರಡೂ ನಮಗೆ ಸರಿಯೇ. ಯಂತ್ರಕ್ಕೆ ಒಂದನ್ನೇ ಹೇಳಿಕೊಟ್ಟಿದ್ದರೆ ಮತ್ತೊಂದು ತಪ್ಪಾಗುವುದು. ಯಂತ್ರವು ಹೇಳಿಕೊಟ್ಟಷ್ಟನ್ನೇ ಬಲ್ಲದು. ಹೇಳಿಕೊಡಬೇಕಾದವರು ಕನ್ನಡ ಬಲ್ಲವರೇ.

ಇನ್ನೊಂದು ಮಾತು ನನ್ನ ಅನುಭವದ್ದು. ಪದವಿಪೂರ್ವ ತರಗತಿ ಮುಗಿದ ಮೇಲೆ ಇಂತಹುದೇ ಒಂದು ಪರೀಕ್ಷೆಗೆಂದು ಬೇಗೂರಿನಿಂದ ಮುಂಜಾನೆಯ ಬಸ್ಸು ಹಿಡಿದು ಮೈಸೂರಿಗೆ ಹೋದೆ. ಮೊಬೈಲನ್ನು ಬೆರಳಿನಿಂದ ಸರಿಸಿ ಬಲ್ಲವನಿಗೆ ಮೌಸು ಹೊಸದು. ಗದ್ಯಭಾಗವನ್ನು ಮೇಲಕ್ಕೂ ಕೆಳಕ್ಕೂ ಸರಿಸುವುದರಲ್ಲೇ ಹೊತ್ತು ಕಳೆದು, ಬಲ್ಲ ಉತ್ತರಗಳೂ ಉಳಿದುಹೋದವು. ಅಂದು ಅಳೆಯಲ್ಪಟ್ಟುದು ನನ್ನ ಕನ್ನಡವೋ, ನನ್ನ ಕೈಯೋ? ಆದುದರಿಂದ ಪರೀಕ್ಷೆಗೆ ಮುನ್ನ ಯಂತ್ರದ ಅಭ್ಯಾಸವು ಪ್ರತಿ ಕಾಲೇಜಿನಲ್ಲಿಯೂ ದೊರೆಯಬೇಕಾದುದು ನ್ಯಾಯ.

ನಮ್ಮ ತಾಯಿಯವರು ಓದು ಬಲ್ಲವರಲ್ಲ; ಆದರೆ ಗಾದೆಯಿಲ್ಲದೆ ಅವರ ಮಾತು ಮುಗಿಯದು. ಉತ್ತರ ಆರಿಸುವ ಪರೀಕ್ಷೆಯಲ್ಲಿ ಆ ಕನ್ನಡಕ್ಕೆ ಸೊನ್ನೆಯೇ ಗತಿ. ಟೋಫೆಲ್ ಪರೀಕ್ಷೆಯು 2005ರ ಹೊಸ ರೂಪದಲ್ಲಿ ಅಭ್ಯರ್ಥಿಯ ಮಾತನ್ನೂ ಧ್ವನಿಮುದ್ರಿಸಿಕೊಂಡು ಅಳೆಯತೊಡಗಿತು. ಇಂಗ್ಲಿಷಿಗೆ ಆದುದು ಕನ್ನಡಕ್ಕೇಕೆ ಆಗಬಾರದು? ಓದನ್ನು ಯಂತ್ರವು ಎಣಿಸಲಿ. ಪ್ರಬಂಧವನ್ನು ಗುರುಗಳು ಓದಲಿ. ಮಾತನ್ನು ಯಂತ್ರವು ಹಿಡಿದಿಡಲಿ, ಬಲ್ಲವರು ಕೇಳಿ ಬೆಲೆ ಕಟ್ಟಲಿ. ಆಗ ಭಾಷಾಪರೀಕ್ಷೆಯೆಂಬ ಹೆಸರು ಸಾರ್ಥಕವಾದೀತು.